ಅಂಗುಲಕ್ಕೊಂದು ತಿಂಗಳು

ಸಾವಿರದ ಒಂಬೈನೂರ ನಲವತ್ತನೆಯ ಇಸವಿ, ಸಂಕ್ರಾಂತಿ ಕಳೆದ ನಾಲ್ಕನೆಯ ದಿನ, ಹೊನ್ನಗಟ್ಟೆಯ ಜಮೀನುದಾರ ಗೌಡ ಚಿಕ್ಕಬಸಪ್ಪನ ರಾಗಿಹುಲ್ಲಿನ ಗಾಡಿ ಕಾಲುವೆಯ ಏರಿಯಿಂದ ಮಗುಚಿತು. ಚಿಕ್ಕಬಸಪ್ಪ ಗಾಡಿಯ ಮೂಕಿಯ ಕೆಳಗೆ ಸಿಕ್ಕಿಕೊಂಡ. ಆಳುಗಳು ಎಳೆದು ತೆಗೆದಾಗ ಅವನ ಬಲತೋಳು ಭುಜಕ್ಕೂ ಮೊಣಕೈಗೂ ನಡುವೆ ಇನ್ನೊಂದು ಕೀಲು ಇದ್ದಂತೆ ಬಾಗಿತ್ತು. ಅವನನ್ನು ಹಲಗೆಯ ಮೇಲೆ ಮಲಗಿಸಿ ಊರಿನ ಡಿಸ್ಪೆನ್ಸರಿಗೆ ಹೊತ್ತು ತಂದರು.

ಡಾಕ್ಟರು ಗಂಗಾಧರಪ್ಪ ಆ ದಿನ ಇರಲಿಲ್ಲ. ರಜೆ ಹಾಕದೆ ಹುಣಸೂರಿನ ಭಾವಮೈದನ ಮನೆಗೆ ಹೋಗಿದ್ದರು. ಇದ್ದವನು ಅಂಕಯ್ಯ ಒಬ್ಬನೇ. ಕಾಗದದ ಮೇಲೆ ಅವನದು ಗಾಯ ಕಟ್ಟುವ ಡ್ರೆಸರ್ ಕೆಲಸ. ಆದರೆ ಊರಿನವರು ಅವನ ಕೈಯಲ್ಲಿ ಗಾಯ ಕಟ್ಟಿಸಿಕೊಳ್ಳುತ್ತಿರಲಿಲ್ಲ. ಅವನು ಹೊಲಗೇರಿಯವನು. ತನ್ನ ಕೇರಿಯವರ ಹುಣ್ಣನ್ನು ಹಿತ್ತಿಲ ಬಾಗಿಲಲ್ಲಿ ತೊಳೆಯುವುದು, ನೆಲ ಗುಡಿಸುವುದು, ಕೀವಿನ ಬಟ್ಟೆ ಸುಡುವುದು, ಇಷ್ಟು ಅವನ ಪಾಲಿಗೆ ಬರುತ್ತಿತ್ತು.

ಆಳುಗಳಿಗೆ ಬೇರೆ ದಾರಿ ಕಾಣಲಿಲ್ಲ. ಅಂಕಯ್ಯ ಹಲಗೆಯ ಪಕ್ಕ ಕುಳಿತು ಮುರಿದ ತೋಳನ್ನು ನೋಡಿದ. ಮುಟ್ಟುವ ಮೊದಲು ಬೆರಳೆತ್ತಿ ನೋಡಿ ಎಂದು ಚಿಕ್ಕಬಸಪ್ಪನನ್ನು ಕೇಳಿದ. ಚಿಕ್ಕಬಸಪ್ಪ ಹಲ್ಲು ಕಚ್ಚಿ ಪ್ರಯತ್ನಪಟ್ಟ. ಬೆರಳು ಮಡಿಸಲು ಬಂತು, ಎತ್ತಲು ಬರಲಿಲ್ಲ. ಮಣಿಕಟ್ಟು ಸತ್ತ ಕೋಳಿಯ ಕತ್ತಿನಂತೆ ಜೋತುಬಿದ್ದಿತ್ತು. ಅಂಕಯ್ಯ ಅದನ್ನು ಬಾಯಿಬಿಟ್ಟು ಹೇಳಿದ: ಮೂಳೆಯ ಜೊತೆಗೆ ನರಕ್ಕೂ ಪೆಟ್ಟು ಬಿದ್ದಿದೆ ಎಂದ. ಚಿಕ್ಕಬಸಪ್ಪ ಅವನ ತಾಯಿಯನ್ನು ಸೇರಿಸಿ ಬೈದ, ದೂರ ನಿಲ್ಲು ಎಂದ, ಆಮೇಲೆ ನೋವಿಗೆ ಎಚ್ಚರ ತಪ್ಪಿದ. ಅಂಕಯ್ಯ ಅದೇ ಸಮಯ ಎಂದು ಮೂಳೆಯನ್ನು ಎಳೆದು ಸರಿಗೊಳಿಸಿ, ಹತ್ತಿ ಸುತ್ತಿ, ನಾಲ್ಕು ಬಿದಿರ ದಬ್ಬೆ ಇಟ್ಟು ಕಟ್ಟಿದ. ಕಟ್ಟಿನ ಕೆಳಗೆ ತನ್ನ ಕಿರುಬೆರಳು ಹೋಗುವಷ್ಟು ಸಡಿಲ ಬಿಟ್ಟಿದ್ದಾನೆಯೇ ಎಂದು ಎರಡು ಸಲ ನೋಡಿದ. ಸುದ್ದಿ ತಿಳಿದು ಗಾಡಿ ಕಟ್ಟಿಸಿಕೊಂಡು ಬಂದ ಹೆಂಡತಿ ನೀಲಾಂಬಿಕೆ, ಗಂಡನಿಗೆ ಎಚ್ಚರ ಬಂದ ಮೇಲೆ ಮನೆಗೆ ಕರೆದುಕೊಂಡು ಹೋದಳು.

ಮಾರನೆಯ ದಿನ ಗಂಗಾಧರಪ್ಪ ಬಂದರು. ಚಿಕ್ಕಬಸಪ್ಪನ ಮನೆಗೆ ಹೋಗಿ ಜೋತುಬಿದ್ದ ಕೈ ನೋಡಿದ ಕೂಡಲೇ ಅವರಿಗೆ ಎರಡು ವಿಷಯ ಹೊಳೆದವು. ಒಂದು, ಇದು ವಾಸಿಯಾಗದಿದ್ದರೆ ನಿನ್ನೆ ನೀವೆಲ್ಲಿದ್ದಿರಿ ಎಂಬ ಪ್ರಶ್ನೆ ಮೈಸೂರಿನ ತನಕ ಹೋಗುತ್ತದೆ. ಇನ್ನೊಂದು, ಆ ಪ್ರಶ್ನೆಗೆ ಉತ್ತರ ಡಿಸ್ಪೆನ್ಸರಿಯ ಹಿತ್ತಿಲಲ್ಲೇ ಕಸ ಗುಡಿಸುತ್ತಿದೆ. ಕಟ್ಟು ಬಿಗಿಯಾಗಿ ನರ ಸತ್ತಿದೆ ಎಂದು ಅವರು ಹತ್ತು ಜನರೆದುರು ಹೇಳಿದರು. ಚಿಕ್ಕಬಸಪ್ಪ ಅಲ್ಲ ಎನ್ನಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಚಾವಡಿಯಲ್ಲಿ ಕೂತು ತಾನೂ ಅದನ್ನೇ ಹೇಳಿದ.

ಅಂಕಯ್ಯ ಡಾಕ್ಟರ ಮುಂದೆ ನಿಂತು ಎದುರಾಡಿದ. ಕಟ್ಟು ಬಿಗಿಯಾಗಿದ್ದರೆ ಕೈ ಊದಬೇಕು, ಉಗುರು ಕಪ್ಪಾಗಬೇಕು, ಮಡಿಸುವ ಬೆರಳೂ ನಿಲ್ಲಬೇಕು. ಎತ್ತುವ ನರ ಒಂದೇ ಯಾಕೆ ಹೋಯಿತು, ಅದು ಮೂಳೆಗೆ ಅಂಟಿಕೊಂಡು ಸುತ್ತುವ ಜಾಗದಲ್ಲೇ ಮೂಳೆ ಮುರಿದಿದೆ, ನೀವೇ ನೋಡಿ ಎಂದ.

"ನನಗೆ ಅನಾಟಮಿ ಹೇಳಿಕೊಡ್ತೀಯೇನೋ?" ಎಂದರು ಗಂಗಾಧರಪ್ಪ.

"ನೀವು ಓದಿದ್ದು ಎರಡು ವರ್ಷ ಸ್ವಾಮಿ. ನಾನು ಎಂಟು ವರ್ಷ ಕೈಯಲ್ಲಿ ನರ ಬುಡಿಸಿದ್ದೀನಿ."

ಆ ಮಾತಿಗೇ ಅವನ ಕೆಲಸ ಹೋಯಿತು.

ಅವನು ಹೇಳಿದ್ದು ಸುಳ್ಳಲ್ಲ. ಊರಿಗೆ ಬರುವ ಮೊದಲು ಅಂಕಯ್ಯ ಮೈಸೂರಿನಲ್ಲಿ, ಡಾಕ್ಟರಿಕೆ ಓದುವವರು ಹೆಣ ಕುಯ್ದು ಕಲಿಯುವ ಕೋಣೆಯಲ್ಲಿ ಆಳಾಗಿದ್ದ. ಮೊದಲು ಹೆಣ ತೊಳೆಯುವ ಕೆಲಸ. ಆಮೇಲೆ ಅವನ ಕೈ ನಯವೆಂದು ಕಂಡು, ಪಾಠ ಹೇಳುವ ಮೇಷ್ಟರು ಚಿಮಟ ಕೊಟ್ಟು ಕೂರಿಸಿದರು. ಕೊಬ್ಬು, ಪೊರೆ ಎಲ್ಲವನ್ನೂ ಬಿಡಿಸಿ ನರ ಮಾತ್ರ ಉಳಿಸಿ, ಬಾಟಲಿಯಲ್ಲಿಡುವಂತೆ ಮಾಡುವುದನ್ನು ಅವನು ಕಲಿತ. ಹುಡುಗರು ಪಟ ನೋಡಿ ಹುಡುಕುವುದನ್ನು ಅವನು ಕಣ್ಣು ಮುಚ್ಚಿ ಬೆರಳಲ್ಲಿ ಹುಡುಕುತ್ತಿದ್ದ. ಅಪ್ಪ ಸತ್ತು ತಾಯಿ ಮರಮ್ಮ ಒಬ್ಬಳೇ ಆದಾಗ, ಊರಿನಲ್ಲಿ ಡಿಸ್ಪೆನ್ಸರಿ ತೆರೆದರೆಂದು ಬೇಡಿ ಬಂದಿದ್ದ. ಬಂದಾಗಿನಿಂದ ಕೇರಿಯವರೂ ಅವನನ್ನು ಹತ್ತಿರ ಸೇರಿಸಲಿಲ್ಲ. ಹೆಣ ಕುಯ್ದವನು, ಅವನು ಮುಟ್ಟಿದ ಮಡಕೆಯ ನೀರು ಕುಡಿಯಬಾರದು ಎಂದು ಸ್ವಂತ ಚಿಕ್ಕಪ್ಪನೇ ಹೇಳಿದ್ದ. ಅಂಕಯ್ಯನ ಬಾಯಿಯೂ ನೆಟ್ಟಗಿರಲಿಲ್ಲ. ನಿಮ್ಮೆಲ್ಲರ ಒಳಗೂ ಅದೇ ಇರೋದು, ನೋಡಿದ್ದೀನಿ, ಎಂದು ಅವನು ಚಿಕ್ಕಪ್ಪನ ಮುಖಕ್ಕೆ ಹೇಳಿ ಬಂದಿದ್ದ.

ಕೆಲಸ ಹೋದ ವಾರದಲ್ಲೇ ಮರಮ್ಮನಿಗೆ ಚಿಕ್ಕಬಸಪ್ಪನ ಹೊಲದ ಕೂಲಿ ನಿಂತಿತು. ಬೇರೆ ಹೊಲದವರೂ ಕರೆಯಲಿಲ್ಲ. ಅಂಗಡಿಯವನು ಉಪ್ಪನ್ನು ಎಸೆದು ಕೊಡತೊಡಗಿದ. ಗೌಡರ ಕೈ ಕೊಂದವನು ಎಂದು ದಾರಿಯಲ್ಲಿ ಹೋಗುವವರು ಕೇಳುವಂತೆ ಹೇಳಿ ಉಗಿದರು. ಅಂಕಯ್ಯ ಕಾಕನಕೋಟೆಯ ಕಡೆಯಿಂದ ಬರುವ ಬಿದಿರು ಸೀಳಿ ಕುಕ್ಕೆ ಹೆಣೆದು ಹುಣಸೂರು ಸಂತೆಗೆ ಹೊತ್ತುಕೊಂಡು ಹೋಗುತ್ತಿದ್ದ.

ಎರಡು ತಿಂಗಳಿಗೆ ಚಿಕ್ಕಬಸಪ್ಪನ ಮೂಳೆ ಕೂಡಿತು. ಕಟ್ಟು ಬಿಚ್ಚಿ ನೋಡಿದರೆ ಮೂಳೆ ನೆಟ್ಟಗೆ ಕೂಡಿತ್ತು. ಆದರೆ ಕೈ ಮಾತ್ರ ಜೋತುಬಿದ್ದೇ ಇತ್ತು. ಊಟಕ್ಕೆ ಕುಳಿತರೆ ಮುದ್ದೆ ಮುರಿಯಲು ಬರುವುದಿಲ್ಲ, ಲಿಂಗಪೂಜೆಗೆ ಕುಳಿತರೆ ವಿಭೂತಿ ಧರಿಸಲು ಬರುವುದಿಲ್ಲ. ನಲವತ್ತೈದು ವರ್ಷದ ಗಟ್ಟಿ ಆಳು, ಹೆಂಡತಿಯ ಕೈಯಲ್ಲಿ ಪಂಚೆ ಉಡಿಸಿಕೊಳ್ಳಬೇಕಾಯಿತು. ಅವನು ಅದಕ್ಕಾಗಿ ಅವಳನ್ನೇ ದ್ವೇಷಿಸತೊಡಗಿದ. ತಟ್ಟೆ ಎಡಗೈಯಲ್ಲಿ ಎಸೆಯುವುದನ್ನು ಕಲಿತ. ಅವಳೂ ಸುಮ್ಮನಿರುವ ಹೆಂಗಸಲ್ಲ. ಎಸೆದ ತಟ್ಟೆಯನ್ನು ಎತ್ತದೆ, ಇರುವೆ ಮುತ್ತುವ ತನಕ ಅಲ್ಲೇ ಬಿಡುತ್ತಿದ್ದಳು.

ಕಡೆಗೆ ಚಿಕ್ಕಬಸಪ್ಪ ಮೂಳೆ ಕೂರಿಸುವ ಕುಳ್ಳಯ್ಯನಿಗೆ ಹೇಳಿ ಕಳಿಸಿದ. ಕುಳ್ಳಯ್ಯ ಬಂದು ಕೈ ನೋಡಿ, ನರ ಮಲಗಿದೆ, ಬರೆ ಹಾಕಿ ಎಬ್ಬಿಸಬೇಕು ಎಂದ. ಅದಕ್ಕೆ ಸೋಮವಾರ ನಿಗದಿಯಾಯಿತು.

ಭಾನುವಾರ ಹೊತ್ತು ಏರುವ ಹೊತ್ತಿಗೆ ನೀಲಾಂಬಿಕೆ ಊರಿಗೂ ಕೇರಿಗೂ ನಡುವೆ ಇರುವ ಹೊಂಗೆ ತೋಪಿಗೆ ಬಂದಳು. ಅಂಕಯ್ಯ ಅಲ್ಲಿ ಬಿದಿರು ಸೀಳುತ್ತಿದ್ದ. ಮರಮ್ಮ ಪಕ್ಕದಲ್ಲಿ ಒಲೆಗೆ ಪುರುಳೆ ಆಯುತ್ತಿದ್ದಳು. ಗೌಡರ ಮನೆಯ ಹೆಂಗಸನ್ನು ಕಂಡು ಮರಮ್ಮ ಎದ್ದು ನಿಂತಳು. ಅಂಕಯ್ಯ ಏಳಲಿಲ್ಲ.

ನೀಲಾಂಬಿಕೆ ಸುತ್ತುಬಳಸಿ ಮಾತಾಡಲಿಲ್ಲ. ನಾಳೆ ಬರೆ ಹಾಕುತ್ತಾರೆ, ಅದರಿಂದ ಕೈ ಬರುತ್ತದೆಯೇ ಎಂದು ಕೇಳಿದಳು.

"ಆಕ್ಸಿ," ಎಂದ ಅಂಕಯ್ಯ, ಮಚ್ಚಿನಿಂದ ಕಣ್ಣೆತ್ತದೆ. "ಚೆನ್ನಾಗಿ ಕಾಯ್ಸಿ ಆಕ್ಸಿ. ಎರಡು ಕೈಗೂ ಆಕ್ಸಿದ್ರೆ ಇನ್ನೂ ಒಳ್ಳೇದು."

ನೀಲಾಂಬಿಕೆಯ ಮುಖ ಕೆಂಪಾಯಿತು. ನಿನ್ನ ಹತ್ತಿರ ಕೇಳಲು ಬಂದದ್ದು ನನ್ನ ಬುದ್ಧಿಗೇಡಿತನ ಎಂದು ತಿರುಗಿದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ಆಮೇಲೆ ಬೆನ್ನು ಮಾಡಿಕೊಂಡೇ ಹೇಳಿದಳು:

"ಗಾಡೀಲಿ ಮನೆಗೆ ಬರೋವಾಗ ಅವರೇ ನಂಗೆ ಹೇಳಿದ್ರು. ಮೂಕಿ ಕೆಳಗಿಂದ ಎಳೆದಾಗ್ಲೇ ಬೆರಳು ಬಿದ್ದೋಗಿದ್ವು ಅಂತ."

ಮಚ್ಚು ನಿಂತಿತು. ಎರಡು ತಿಂಗಳಿನಿಂದ ಊರು ತನ್ನ ಮೇಲೆ ಹೊರಿಸಿದ್ದು ಸುಳ್ಳೆಂದು ಆ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದು ಅವನು ಕೇಳಿದ. ಗಂಡ ಒಂದು ಹೇಳಿದರೆ ತಾನು ಇನ್ನೊಂದು ಹೇಳಿ ಆ ಮನೆಯಲ್ಲಿ ಇರುವುದು ಹೇಗೆ ಎಂದು ಅವಳು ಕೇಳಿದಳು. ಮರಮ್ಮ ನಡುವೆ ಬಾಯಿ ಹಾಕಿ, ನಾವು ಉಪ್ಪು ನೀರು ಕುಡ್ಕೊಂಡು ಇರಬೋದಾ ಅವ್ವಾರೆ, ಎಂದಳು.

"ಒಂದು ಮಾತು ಕೊಡಿ," ಎಂದ ಅಂಕಯ್ಯ. "ಆ ಕೈ ಉಳಿಸೋ ದಾರಿ ನಾನು ಯೋಳ್ತೀನಿ. ನೀವು ನಿಜ ಯೋಳಬೇಕು."

ಅವಳು ತಿರುಗಿ ಅವನ ಮುಖ ನೋಡಿದಳು. "ಯಾರಾದ್ರೂ ಕೇಳಿದ್ರೆ ಹೇಳ್ತೀನಿ. ಕೇಳದಿದ್ರೆ ಹೇಳಲ್ಲ."

ಅಷ್ಟು ಸಾಲದು ಎಂದು ಅವನಿಗೆ ಗೊತ್ತಿತ್ತು. ಆದರೂ ಬಿದಿರಿನ ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಗೀಚಲು ಶುರುಮಾಡಿದ. ಆ ಗೌಡನ ಮೇಲಿನ ಕರುಣೆಯಿಂದಲ್ಲ. ಬದುಕಿರುವ ನರವನ್ನು ಯಾರೋ ಕಬ್ಬಿಣ ಕಾಯಿಸಿ ಸುಡುತ್ತಾರೆ ಎಂಬುದನ್ನು ಅವನಿಂದ ಸಹಿಸಲಾಗಲಿಲ್ಲ.

ಬುರುಡೆಯ ಒಳಗೆ ಮೆದುಳು. ಅದರ ಬುಡದಿಂದ ಕಿರುಬೆರಳಷ್ಟು ದಪ್ಪದ ಹುರಿಯೊಂದು ಬೆನ್ನುಮೂಳೆಯ ತೂತುಗಳೊಳಗೆ ಇಳಿದು ಸೊಂಟದ ತನಕ ಬರುತ್ತದೆ. ಕತ್ತಿನ ಹತ್ತಿರ ಆ ಹುರಿಯಿಂದ ಎರಡು ಪಕ್ಕಕ್ಕೂ ನರಗಳು ಹೊರಟು, ಕಂಕುಳಲ್ಲಿ ಒಂದಕ್ಕೊಂದು ಹೆಣೆದುಕೊಂಡು, ಮತ್ತೆ ಕವಲಾಗಿ ಕೈಗೆ ಇಳಿಯುತ್ತವೆ. ಅದರಲ್ಲಿ ಒಂದು ತೋಳಿನ ಮೂಳೆಯ ಹಿಂಬದಿಗೆ ಸುತ್ತಿಕೊಂಡು ಮೊಣಕೈಯ ಹೊರಗಡೆಗೆ ಬರುತ್ತದೆ. ಮಣಿಕಟ್ಟು ಎತ್ತುವುದು, ಬೆರಳು ಬಿಡಿಸುವುದು, ಹೆಬ್ಬೆರಳು ಚಾಚುವುದು ಅದರ ಕೆಲಸ. ಚಿಕ್ಕಬಸಪ್ಪನಲ್ಲಿ ನಜ್ಜಾಗಿರುವುದು ಅದು.

ಇಷ್ಟಕ್ಕೆ ನೀಲಾಂಬಿಕೆ ತಲೆಯಾಡಿಸಿದಳು. ಮುಂದಿನದು ಅವಳಿಗೆ ನಂಬುವುದು ಕಷ್ಟವಾಯಿತು. ಆ ನರವನ್ನು ಸೀಳುತ್ತ ಹೋದರೆ ಕತ್ತಾಳೆಯ ನಾರಿನಂತೆ ಎಳೆ ಎಳೆಯಾಗಿ ಬಿಡುತ್ತದೆ, ಕಡೆಗೆ ಕಣ್ಣಿಗೇ ಕಾಣದ ಎಳೆ, ಅಂಥವು ಸಾವಿರಾರು ಎಂದ ಅಂಕಯ್ಯ. ಒಂದೊಂದು ಎಳೆಯೂ ಒಂದು ಜೀವಕೋಶದ ಬಾಲ. ಕೋಶ ಇರುವುದು ಕತ್ತಿನ ಹುರಿಯೊಳಗೆ, ಧೂಳಿನ ಕಣಕ್ಕಿಂತ ಸಣ್ಣದು. ಅದರ ಬಾಲ ಅಲ್ಲಿಂದ ಮೊಣಕೈ ದಾಟಿ ಬರುತ್ತದೆ. ಮೈಸೂರಿನಲ್ಲಿ ಮೇಷ್ಟರು ಒಂದು ಮಧ್ಯಾಹ್ನ ಅವನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಜೇಡದಂತೆ ಸುತ್ತಲೂ ಗಿಡ್ಡ ಗಿಡ್ಡ ಕೈ, ಬೇರೆ ಕೋಶಗಳಿಂದ ಸುದ್ದಿ ತೆಗೆದುಕೊಳ್ಳುವುದಕ್ಕೆ. ಒಂದೇ ಒಂದು ಉದ್ದ ಬಾಲ, ಸುದ್ದಿ ಕಳಿಸುವುದಕ್ಕೆ. ಮುಟ್ಟಿದ್ದನ್ನು ತಿಳಿಸುವ ಕೋಶಗಳು ಬೇರೆ, ಅವು ಹುರಿಯ ಹೊರಗೆ ಪಕ್ಕದಲ್ಲೇ ಗಂಟುಗಳಾಗಿ ಕೂತಿರುತ್ತವೆ. ಬಾಲದ ಸುತ್ತ ಇನ್ನೊಂದು ಜಾತಿಯ ಕೋಶಗಳು ಕೊಬ್ಬಿನಂಥ ಹೊದಿಕೆ ಸುತ್ತಿರುತ್ತವೆ, ನರ ಬೆಳ್ಳಗೆ ಕಾಣುವುದು ಅದರಿಂದ. ಇವೆಲ್ಲ ನನ್ನ ಒಳಗೂ ಇದೆಯಾ ಸ್ವಾಮಿ ಎಂದು ಅಂಕಯ್ಯ ಕೇಳಿದ್ದಕ್ಕೆ ಮೇಷ್ಟರು ನಕ್ಕಿದ್ದರು.

"ಕೋಶ ಸತ್ರೆ ಬ್ರಹ್ಮ ಬಂದ್ರೂ ಆಗಲ್ಲ," ಎಂದ. "ಇಲ್ಲಿ ಕೋಶ ಸತ್ತಿಲ್ಲ. ಬಾಲ ನಜ್ಜಾಗೈತೆ. ನಜ್ಜಾದ ಜಾಗದಿಂದ ಕೆಳಗಿನದು ಒಣಗೋಯ್ತದೆ, ಹೊದಿಕೆ ಮಾತ್ರ ಖಾಲಿ ಕೊಳವೆ ಅಂಗೆ ಉಳ್ಕೋತದೆ. ಬಾಲ ಮತ್ತೆ ಚಿಗುರಿ ಅದರೊಳಗೆ ತೆವಳ್ಕೊಂಡು ಬತ್ತದೆ. ಅಂಗುಲಕ್ಕೊಂದು ತಿಂಗಳು."

ಮೊದಲು ಮಣಿಕಟ್ಟು ಏಳುತ್ತದೆ, ಅದು ಜ್ಯೇಷ್ಠ ಮಾಸದ ಹೊತ್ತಿಗೆ. ಆಮೇಲೆ ಬೆರಳು. ಹೆಬ್ಬೆರಳು ಎಲ್ಲಕ್ಕಿಂತ ಕಡೆಗೆ. ಅಲ್ಲಿಯವರೆಗೆ ಕೈ ಜೋತುಬಿಟ್ಟರೆ ಕೀಲು ಹಾಗೇ ಸೆಟೆದುಕೊಂಡು, ನರ ಬಂದರೂ ಕೈ ಬರುವುದಿಲ್ಲ. ಆದ್ದರಿಂದ ಮಣಿಕಟ್ಟಿನ ಕೆಳಗೆ ಹಲಗೆ ಕೊಟ್ಟು ಎತ್ತಿ ಕಟ್ಟಬೇಕು, ದಿನಾ ಬೆರಳು ಒಂದೊಂದಾಗಿ ಬಿಡಿಸಿ ಮಡಿಸಬೇಕು. ನರ ಎಲ್ಲಿಗೆ ಬಂತೆಂದು ತಿಳಿಯಲು, ಮಣಿಕಟ್ಟಿನ ಕಡೆಯಿಂದ ಮೇಲಕ್ಕೆ ಬೆರಳ ತುದಿಯಲ್ಲಿ ತಟ್ಟುತ್ತ ಹೋಗಬೇಕು. ಎಲ್ಲಿ ತಟ್ಟಿದಾಗ ಹೆಬ್ಬೆರಳಿನ ಬೆನ್ನಲ್ಲಿ ಜುಮ್ಮೆನ್ನುತ್ತದೋ ಅಲ್ಲಿಗೆ ಬಂದಿದೆ ಎಂದರ್ಥ.

ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಸುಳ್ಳು ಹೇಳುವವನು ಇಷ್ಟು ಕೋಪದಲ್ಲಿ ಇಷ್ಟು ವಿವರ ಹೇಳಲಾರ ಎನಿಸಿತು.

ಸೋಮವಾರ ಕುಳ್ಳಯ್ಯ ಒಲೆಯಲ್ಲಿ ಸಲಾಕೆ ಇಟ್ಟ. ಚಿಕ್ಕಬಸಪ್ಪ ಮುಖ ತಿರುಗಿಸಿ ಕೈ ಚಾಚಿದ. ನೀಲಾಂಬಿಕೆ ಬಂದು ಜಾಲಿಮುಳ್ಳಿನಿಂದ ಅವನ ಹೆಬ್ಬೆರಳ ಬುಡದ ಹಿಂಬದಿಗೆ ಚುಚ್ಚಿದಳು. ರಕ್ತ ಬಂತು. ಚಿಕ್ಕಬಸಪ್ಪ ಕದಲಲಿಲ್ಲ, ಏನು ಮಾಡುತ್ತಿದ್ದೀ ಎಂದೂ ಕೇಳಲಿಲ್ಲ. ಅವಳು ಕುಳ್ಳಯ್ಯನಿಗೆ ತೋರಿಸಿ, ಇಲ್ಲಿ ಮೂಳೆ ತನಕ ಸುಟ್ಟರೂ ಇವರಿಗೆ ತಿಳಿಯುವುದಿಲ್ಲ, ಹುಣ್ಣಾಗಿ ಕೊಳೆತರೆ ಉತ್ತರ ಯಾರು ಹೇಳುತ್ತಾರೆ ಎಂದಳು. ಹೆಂಗಸರ ಮಾತು ಕೇಳುವ ಮನೆಯಲ್ಲಿ ಕೈಯಿಡುವುದಿಲ್ಲ ಎಂದು ಕುಳ್ಳಯ್ಯ ಸಲಾಕೆ ಎತ್ತಿಕೊಂಡು ಹೋದ. ಚಿಕ್ಕಬಸಪ್ಪ ತನ್ನ ಕೈಯಿಂದ ಸೋರುತ್ತಿದ್ದ ರಕ್ತ ನೋಡಿದ. ಅದು ಇನ್ನೊಬ್ಬರ ಕೈಯೆಂಬಂತೆ ನೋಡಿದ. ಆಮೇಲೆ ಎಡಗೈಯಲ್ಲಿ ಹೆಂಡತಿಯ ಕೆನ್ನೆಗೆ ಹೊಡೆದ.

ಅವಳು ಮಾರನೆಯ ಬೆಳಿಗ್ಗೆ ಹಲಗೆ ಕಟ್ಟಿದಳು. ಅವನು ಕಿತ್ತೆಸೆದ. ಮತ್ತೆ ಕಟ್ಟಿದಳು. ನಾಲ್ಕನೆಯ ಸಲಕ್ಕೆ ಅವನು ಸುಮ್ಮನಾದ. ಪೂಜೆ ಮುಗಿದ ಮೇಲೆ ದಿನವೂ ಅವಳು ಎದುರು ಕುಳಿತು ಬೆರಳು ಬಿಡಿಸುತ್ತಿದ್ದಳು, ತಟ್ಟುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಜುಮ್ಮೆಂದಾಗ ಅವನು ಗಲ್ಲ ಎತ್ತುತ್ತಿದ್ದ, ಅಷ್ಟೇ. ಅಲ್ಲಿ ಅವಳು ಕಾಡಿಗೆಯ ಚುಕ್ಕೆ ಇಡುತ್ತಿದ್ದಳು. ಸೋಮವಾರ ಸೋಮವಾರ ಸ್ನಾನವಾದ ಮೇಲೆ ಹಳೆಯ ಚುಕ್ಕೆಗಳನ್ನೂ ಮಾಸುವ ಮೊದಲು ಮತ್ತೆ ತಿದ್ದುತ್ತಿದ್ದಳು. ಯುಗಾದಿಯ ಹೊತ್ತಿಗೆ ಚುಕ್ಕೆ ಮೊಣಕೈಗೆ ನಾಲ್ಕು ಬೆರಳು ಮೇಲಿತ್ತು. ವೈಶಾಖದಲ್ಲಿ ಮೊಣಕೈಯ ಮಡಿಕೆಗೆ ಬಂತು. ಇದನ್ನು ಎಲ್ಲಿ ಕಲಿತೆ ಎಂದು ಚಿಕ್ಕಬಸಪ್ಪ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆ ಎಂದು ಅವನಿಗೆ ಒಳಗೊಳಗೇ ಗೊತ್ತಿದ್ದಿರಬೇಕು.

ಅವಳು ತಿಂಗಳಿಗೊಮ್ಮೆ ತೋಪಿಗೆ ಹೋಗಿ ಚುಕ್ಕೆ ಎಲ್ಲಿಗೆ ಬಂತೆಂದು ಅಂಕಯ್ಯನಿಗೆ ಹೇಳಿ ಬರುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ, ಏನಾದರೂ ತಪ್ಪಿದ್ದರೆ ತಿದ್ದುತ್ತಿದ್ದ. ಒಮ್ಮೆ ಅವಳು ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ಹೋಗಿ ಮರಮ್ಮನ ಮುಂದೆ ಇಟ್ಟಳು. ಅಂಕಯ್ಯ ಅದನ್ನು ಕಾಲಿನಲ್ಲಿ ಹಿಂದಕ್ಕೆ ತಳ್ಳಿದ. ಕೂಲಿ ಬೇಕು, ಭಿಕ್ಷೆ ಬೇಡ ಎಂದ. ನೀಲಾಂಬಿಕೆ ಗಂಟು ಎತ್ತಿಕೊಂಡು ಬಂದಳು.

ಇದನ್ನು ಕಂಡ ಆಳೊಬ್ಬ ಗೌಡನ ಕಿವಿಗೆ ಹಾಕಿದ. ಒಳಗೊಳಗೇ ಗೊತ್ತಿರುವುದು ಬೇರೆ, ಆಳಿನ ಬಾಯಲ್ಲಿ ಕೇಳುವುದು ಬೇರೆ. ಚಿಕ್ಕಬಸಪ್ಪ ಇಬ್ಬರನ್ನು ಕರೆದುಕೊಂಡು ತೋಪಿಗೆ ಬಂದ. ಹೆಣೆದಿಟ್ಟ ಕುಕ್ಕೆಗಳನ್ನು ತುಳಿಸಿದ. ಮರಮ್ಮನ ನೀರಿನ ಮಡಕೆ ಒಡೆಸಿದ. ನನ್ನ ಹೆಂಡತಿಯನ್ನು ಕೇರಿಯ ದಾರಿಗೆ ತಂದೆಯಾ ಎಂದು ಕೇಳಿದ. ಆಳುಗಳು ಅಂಕಯ್ಯನನ್ನು ಕೆಳಗೆ ಕೆಡವಿ ಬಿದಿರ ಸೀಳಿನಲ್ಲೇ ಬಾರಿಸಿದರು. ಚಿಕ್ಕಬಸಪ್ಪ ಎಡಗೈಯಲ್ಲಿ ಒಂದು ಸೀಳು ತೆಗೆದುಕೊಂಡು ಎರಡು ಏಟು ಹಾಕಿದ. ಅದು ಸರಿಯಾಗಿ ಬೀಳಲಿಲ್ಲ.

ಅಂಕಯ್ಯ ಬಾಯಿಯ ಮಣ್ಣು ಉಗಿದು ಅವನನ್ನು ನೋಡಿದ.

"ಒಡೀರಿ ಬುದ್ಧಿ. ಈ ಎಡಗೈಲಿ ಆಗಾಕಿಲ್ಲ. ಇನ್ನೊಂದು ತಿಂಗಳು ತಡೀರಿ, ಬಲಗೈಲೇ ಒಡೀಬೋದು."

ಚಿಕ್ಕಬಸಪ್ಪ ಸೀಳನ್ನು ಕೆಳಗೆ ಬಿಟ್ಟ. ಆಳುಗಳನ್ನು ನಿಲ್ಲಿಸಲಿಲ್ಲ, ಆದರೆ ಮುಂದಕ್ಕೆ ಹೊಡೆಯಿರಿ ಎಂದೂ ಹೇಳಲಿಲ್ಲ. ಅವನು ಹೊರಟುಹೋದ ಮೇಲೆ ಅವರೂ ಹೋದರು. ಮರಮ್ಮ ಮಗನ ಬೆನ್ನಿಗೆ ಬಿಸಿನೀರಿನ ಬಟ್ಟೆ ಇಡುತ್ತ, ಊರು ಬಿಟ್ಟು ಹೋಗೋಣ ಎಂದು ಅತ್ತಳು. ಮೂರು ದಿನ ಕುಳಿತುಕೊಳ್ಳಲಾಗದೆ ಬೋರಲು ಮಲಗಿದ್ದ ಅಂಕಯ್ಯ, ನಾಲ್ಕನೆಯ ದಿನ ಕಾಗದ, ಪೆನ್ಸಿಲು ತರಿಸಿ ಮೈಸೂರಿನ ವೈದ್ಯ ಇಲಾಖೆಯ ಮೇಲಧಿಕಾರಿಗೆ ಅರ್ಜಿ ಬರೆದ. ಮೈಸೂರಿನಲ್ಲಿ ಬಾಟಲಿಗಳ ಮೇಲೆ ಹೆಸರು ಬರೆದು ಬರೆದು ಅವನಿಗೆ ಅಕ್ಷರ ಬಂದಿತ್ತು. ತಾನು ಬಡವ, ಕಾಪಾಡಿ ಎಂದು ಅವನು ಬರೆಯಲಿಲ್ಲ. ಮೂಳೆ ಮುರಿದ ಜಾಗ, ನರ ಹೋದ ದಿನ, ತಿಂಗಳು ತಿಂಗಳಿಗೆ ಅದು ಎಷ್ಟು ಅಂಗುಲ ಬಂದಿದೆ ಎಂಬುದಷ್ಟನ್ನೇ ಬರೆದು, ಜ್ಯೇಷ್ಠ ಮುಗಿಯುವುದರೊಳಗೆ ಈ ಮನುಷ್ಯನ ಮಣಿಕಟ್ಟು ಏಳುತ್ತದೆ, ಏಳದಿದ್ದರೆ ನಾನು ತಪ್ಪಿತಸ್ಥನೆಂದು ಒಪ್ಪುತ್ತೇನೆ ಎಂದು ಮುಗಿಸಿದ.

ಅಂಥ ಅರ್ಜಿ ಆ ಅಧಿಕಾರಿಗೆ ಹಿಂದೆ ಬಂದಿರಲಿಲ್ಲವೆಂದು ತೋರುತ್ತದೆ. ಜ್ಯೇಷ್ಠ ಬಹುಳದಲ್ಲಿ ಅವರೇ ಮೋಟಾರಿನಲ್ಲಿ ಬಂದಿಳಿದರು. ಡಿಸ್ಪೆನ್ಸರಿಯ ಜಗಲಿಯಲ್ಲಿ ಮೇಜು ಹಾಕಿದರು. ಒಂದು ಕಡೆ ಗಂಗಾಧರಪ್ಪ ಕೋಟು ತೊಟ್ಟು ನಿಂತರು. ಚಿಕ್ಕಬಸಪ್ಪ ಬೆಂಚಿನ ಮೇಲೆ ಕುಳಿತ, ಬಲಗೈಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡಿದ್ದ. ನೀಲಾಂಬಿಕೆಯನ್ನು ಯಾರೂ ಕರೆದಿರಲಿಲ್ಲ. ಅವಳು ಗಂಡನ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದಳು. ಅಂಕಯ್ಯ ಜಗಲಿಯ ಕೆಳಗೆ ಬಿಸಿಲಿನಲ್ಲಿದ್ದ. ಊರಿನವರು ಅವನಿಂದ ಹತ್ತು ಮಾರು ದೂರ ಗುಂಪುಗಟ್ಟಿದ್ದರು.

ಗಂಗಾಧರಪ್ಪ ತಾವು ಆ ದಿನ ಹೊರಗೆ ರೋಗಿಗಳನ್ನು ನೋಡಲು ಹೋಗಿದ್ದಾಗಿ ಹೇಳಿದರು. ಕಟ್ಟು ಬಿಗಿಯಾಗಿ ನರ ಪೂರ್ತಿ ನಾಶವಾಗಿದೆ, ಇನ್ನು ಬರುವಂಥದ್ದಲ್ಲ ಎಂದರು. ಅಧಿಕಾರಿ ಚಿಕ್ಕಬಸಪ್ಪನನ್ನು ವಲ್ಲಿ ತೆಗೆಯಲು ಹೇಳಿದರು. ಅವನು ತೆಗೆಯಲಿಲ್ಲ. ಎರಡನೆಯ ಸಲ ಹೇಳಿದಾಗ ತೆಗೆದ. ತೋಳಿನಿಂದ ಮೊಣಕೈ ದಾಟಿ ಕಾಡಿಗೆಯ ಚುಕ್ಕೆಗಳ ಸಾಲು ಕಂಡಿತು. ಅಧಿಕಾರಿ ಕನ್ನಡಕ ಏರಿಸಿ, ಕೈಯನ್ನು ಮೇಜಿನ ಅಂಚಿಗೆ ಇಳಿಬಿಟ್ಟು, ಎತ್ತಿ ಎಂದರು. ಚಿಕ್ಕಬಸಪ್ಪನ ಹಣೆಯಲ್ಲಿ ಬೆವರು ಬಂತು. ಮಣಿಕಟ್ಟು ಒಂದು ಬೆರಳಿನಷ್ಟು ಎದ್ದಿತು, ನಡುಗಿತು, ಬಿತ್ತು. ಅದು ಎಂಟು ದಿನದಿಂದ ಏಳುತ್ತಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

ಕಟ್ಟುವ ಮೊದಲು ನಿಮ್ಮ ಬೆರಳು ಏಳುತ್ತಿದ್ದವೇ ಎಂದು ಅಧಿಕಾರಿ ಕೇಳಿದರು. ನೆನಪಿಲ್ಲ ಎಂದ ಚಿಕ್ಕಬಸಪ್ಪ. ಅವರು ಮತ್ತೆ ಚುಕ್ಕೆಗಳ ಮೇಲೆ ಬೆರಳಾಡಿಸಿ, ಈ ಗುರುತು ಹಾಕಿದವರು ಯಾರು ಎಂದು ಕೇಳಿದರು. ಚಿಕ್ಕಬಸಪ್ಪ ವಲ್ಲಿಯನ್ನು ಮತ್ತೆ ಕೈಯ ಮೇಲೆ ಎಳೆದುಕೊಂಡ. ಗಂಗಾಧರಪ್ಪನಿಗೆ ಗೊತ್ತಿರಲಿಲ್ಲ.

"ನಾನು," ಎಂದಳು ನೀಲಾಂಬಿಕೆ.

ಅಧಿಕಾರಿ ತಿರುಗಿ ನೋಡಿ, ಬೆರಳಿನ ವಿಷಯ ನಿಮಗೆ ಗೊತ್ತೇ ಎಂದರು. ಚಿಕ್ಕಬಸಪ್ಪ ಹೆಂಡತಿಯ ಕಡೆ ನೋಡಲಿಲ್ಲ. ಎಡಗೈಯಿಂದ ಬೆಂಚಿನ ಅಂಚನ್ನು ಹಿಡಿದುಕೊಂಡ. ಅವಳು ಸೆರಗು ಸರಿಮಾಡಿಕೊಂಡು, ಗಾಡಿಯಲ್ಲಿ ಗಂಡ ಹೇಳಿದ್ದನ್ನು ಹೇಳಿದಳು. ತಟ್ಟುವುದನ್ನು ಕಲಿಸಿದ್ದು ಯಾರೆಂದೂ ಹೇಳಿದಳು. ಕೇಳದೇ ಇದ್ದ ಇನ್ನೊಂದನ್ನೂ ಹೇಳಿದಳು: ಡಾಕ್ಟರು ಆ ದಿನ ಹುಣಸೂರಿನಲ್ಲಿದ್ದದ್ದು ಊರಿಗೆಲ್ಲ ಗೊತ್ತು. ಗುಂಪಿನಲ್ಲಿ ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆದೇಶ ಬರಲು ಮತ್ತೊಂದು ತಿಂಗಳು ಹಿಡಿಯಿತು. ಅಂಕಯ್ಯನ ಮೇಲೆ ತಪ್ಪಿಲ್ಲವೆಂದೂ, ಅವನನ್ನು ಹೆಗ್ಗಡದೇವನಕೋಟೆ ಕಡೆ ಅಂತರಸಂತೆಯಲ್ಲಿ ಅದೇ ಕೆಲಸಕ್ಕೆ ಹಾಕಿದೆಯೆಂದೂ ಇತ್ತು. ಗಂಗಾಧರಪ್ಪನಿಗೆ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಅವರು ಹೊನ್ನಗಟ್ಟೆಯಲ್ಲೇ ಉಳಿದರು, ರಜೆ ಹಾಕದೆ ಹೋಗುವುದನ್ನು ಮಾತ್ರ ಬಿಟ್ಟರು.

ವಿಚಾರಣೆಯ ದಿನ ಮನೆಗೆ ಬಂದ ಕೂಡಲೇ ಚಿಕ್ಕಬಸಪ್ಪ ಹೆಂಡತಿಗೆ ಪಿರಿಯಾಪಟ್ಟಣದ ತವರಿಗೆ ಹೊರಡು ಎಂದ.

"ಹೋಗ್ತೀನಿ," ಎಂದಳು ನೀಲಾಂಬಿಕೆ. "ಹೆಬ್ಬೆರಳು ಇನ್ನೂ ಬಂದಿಲ್ಲ. ಬಂದ ಮೇಲೆ ಹೋಗ್ತೀನಿ."

ಆಷಾಢ, ಶ್ರಾವಣ, ಭಾದ್ರಪದ ಕಳೆದವು. ಅವಳು ಅಡಿಗೆ ಮಾಡಿ ಬಡಿಸಿದಳು, ದಿನವೂ ಎದುರು ಕುಳಿತು ತಟ್ಟಿದಳು. ಅವನು ಕೈ ಕೊಟ್ಟು ಗೋಡೆ ನೋಡುತ್ತಿದ್ದ. ಮಣಿಕಟ್ಟು ಪೂರ್ತಿ ಎದ್ದಿತು. ಬೆರಳುಗಳು ಬಿಡಿಸಿಕೊಂಡವು. ದೀಪಾವಳಿಯ ಹಿಂದಿನ ವಾರ ಹೆಬ್ಬೆರಳು ಹೊರಕ್ಕೆ ಚಾಚಿತು. ಅವನು ತಾನೇ ಮುದ್ದೆ ಮುರಿದು ಉಂಡ. ಮಾರನೆಯ ಬೆಳಿಗ್ಗೆ ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಗಾಡಿ ಹತ್ತಿದಳು.

ಎರಡು ತಿಂಗಳು ಕಳೆದ ಮೇಲೆ ಅವನು ತಾನೇ ಗಾಡಿ ಹೊಡೆದುಕೊಂಡು ಪಿರಿಯಾಪಟ್ಟಣಕ್ಕೆ ಹೋದ. ಮಾವನ ಮನೆಯಲ್ಲಿ ಉಂಡ, ಮಳೆ ಬೆಳೆ ಮಾತಾಡಿದ. ನೀಲಾಂಬಿಕೆ ಹಿತ್ತಿಲಲ್ಲಿ ಅವನಿಗೆ ಒಂದೇ ಮಾತು ಹೇಳಿದಳು. ಅಂಕಯ್ಯನದು ತಪ್ಪು ಅಂತ ಚಾವಡಿಯಲ್ಲಿ ಕೂತು ಹೇಳಿದ್ದಿರಿ, ಅಲ್ಲವೆಂದು ಚಾವಡಿಯಲ್ಲೇ ಕೂತು ಹೇಳಿ, ಆಮೇಲೆ ಬನ್ನಿ. ಅವನು ಅದೇ ಗಾಡಿಯಲ್ಲಿ ಒಬ್ಬನೇ ಹಿಂದಕ್ಕೆ ಬಂದ. ದಾರಿಯುದ್ದಕ್ಕೂ ಎತ್ತುಗಳನ್ನು ಬಡಿದ.

ಇಪ್ಪತ್ತು ದಿನ ಅವನು ಯಾರಿಗೂ ಏನನ್ನೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಚಾವಡಿಯಲ್ಲಿ ಪಟೇಲ ಕಂದಾಯದ ಮಾತೆತ್ತಿದ್ದಾಗ, ನಡುವೆ, ಯಾರ ಮುಖವನ್ನೂ ನೋಡದೆ, "ಕಟ್ಟೋ ಮೊದ್ಲೇ ಬೆರಳು ಬಿದ್ದಿದ್ವು ಕಣ್ರಯ್ಯ. ಅವನದೇನೂ ಇಲ್ಲ," ಎಂದ. ಪಟೇಲ ಕೆಮ್ಮಿ ಮತ್ತೆ ಕಂದಾಯಕ್ಕೆ ಬಂದ. ಆ ವಾರ ನೀಲಾಂಬಿಕೆ ಮನೆಗೆ ಬಂದಳು. ಗಂಡ ಹೆಂಡತಿ ಮಾತಾಡುವುದಕ್ಕೆ ಇನ್ನೊಂದು ಮಳೆಗಾಲ ಬೇಕಾಯಿತು.

ಒಬ್ಬನೇ ಕೆಲಸಕ್ಕೆ ಹೋಗಿದ್ದ ಅಂಕಯ್ಯ ಬೇಸಿಗೆಯಲ್ಲಿ ಅಂತರಸಂತೆಯಿಂದ ತಾಯಿಯನ್ನು ಕರೆದುಕೊಂಡು ಹೋಗಲು ಬಂದ. ಚಾಪೆ ಸುತ್ತಿ ಕಟ್ಟುತ್ತಿದ್ದಾಗ ಮರಮ್ಮ ಚಾವಡಿಯ ಸುದ್ದಿ ಹೇಳಿದಳು. ಹೊಲಕ್ಕೆ ಮತ್ತೆ ಕರೀತಾ ಅವ್ರೆ, ಅಂಗಡಿಯೋನೂ ಈಗ ಕೈಗೆ ಕೊಡ್ತಾನೆ, ಇಲ್ಲೇ ಇದ್ರಾಯ್ತದೆ ಕಣ್ಲಾ, ಎಂದಳು.

"ಈಗ ಯೋಳಿದ್ರೆ ಏನಾಯ್ತವ್ವ," ಎಂದ ಅಂಕಯ್ಯ. "ಒಂದು ವರ್ಷ ನನ್ನ ಬೆನ್ನ ಮೇಲೆ ಉಗುದ್ರಲ್ಲ, ಅದು ಒಣಗೈತೆ ಅಷ್ಟೆ, ಹೋಗಿಲ್ಲ. ನಡಿ."

ಊರ ಮುಂದಿನ ರಸ್ತೆಯಲ್ಲಿ ಅವರು ಬಸ್ಸಿಗೆ ಕಾಯುತ್ತಿದ್ದಾಗ ಚಿಕ್ಕಬಸಪ್ಪ ಎತ್ತು ಹೊಡೆದುಕೊಂಡು ಎದುರಿಗೆ ಬಂದ. ಹತ್ತಿರ ಬಂದಾಗ ಎತ್ತುಗಳು ತಾವೇ ನಿಧಾನವಾದವು. ಮರಮ್ಮ ರೂಢಿಯಂತೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು. ಅಂಕಯ್ಯ ಸರಿಯಲಿಲ್ಲ. ಚಿಕ್ಕಬಸಪ್ಪ ಬಲಗೈಯಲ್ಲಿ ಹಗ್ಗ ಜಗ್ಗಿದ. ಎತ್ತುಗಳನ್ನು ರಸ್ತೆಯಿಂದ ಇಳಿಸಿ, ಪಕ್ಕದ ಗದ್ದೆಯ ಬದುವಿನ ಮೇಲೆ ಬಳಸಿಕೊಂಡು ಹೋದ. ಬಸ್ಸು ಬಂತು. ಅಂಕಯ್ಯ ತಾಯಿಯನ್ನು ಮೊದಲು ಹತ್ತಿಸಿ, ಚಾಪೆಯನ್ನು ಮೇಲೆ ಎಸೆದು ತಾನೂ ಹತ್ತಿದ.